ಮುಂಬಾಗಿಲಿಗೆ ಯಾರ ಹೆಸರು?

ಕಲ್ಲಿನಾಥನ ಪಜೀತಿ ಶುರುವಾದದ್ದು ಒಂದು ಖಾಲಿ ಜಾಗದಿಂದ.

ಗಾಣಗಾಪುರದಲ್ಲಿ ಮುಗಿಯುತ್ತ ಬಂದಿದ್ದ ಯಾತ್ರಿ ನಿವಾಸವನ್ನು ಅವನು ಅಫಜಲಪುರದ ಆಫೀಸಿನಲ್ಲಿ ಕೂತು ಕಂಪ್ಯೂಟರಿನೊಳಗೆ ಇಡಿಯಾಗಿ ಕಟ್ಟಿ ನಿಲ್ಲಿಸಿದ್ದ. ಬಾಗಿಲು, ನಲ್ಲಿ, ಫ್ಯಾನು, ಒಂದನ್ನೂ ಬಿಟ್ಟಿರಲಿಲ್ಲ. ಯಾವ ವಸ್ತುವಿನ ಬಗ್ಗೆ ಏನೇನು ಮಾಹಿತಿ ಬೇಕೆಂದು ಮಾಲಕಿ, ಆಳಂದದ ಸುಭದ್ರಾಬಾಯಿ, ಹೇಳಿಟ್ಟಿದ್ದರು. ಅದೆಲ್ಲ ತುಂಬಿದೆಯೇ ಎಂದು ಪರೀಕ್ಷಿಸಲು ಒಂದು ಸಾಫ್ಟ್‌ವೇರ್ ಇತ್ತು. ಮಾಹಿತಿ ತುಂಬಿದ ವಸ್ತು ಹಸಿರಾಗುತ್ತಿತ್ತು, ತುಂಬದ್ದು ಕೆಂಪು. ಸಂಜೆ ಬಾಯಿಯವರು ಬರುವಷ್ಟರಲ್ಲಿ ಕಟ್ಟಡ ಪೂರ್ತಿ ಹಸಿರಾದರೆ ಕಲಬುರಗಿಯ ಹೊಸ ಆಫೀಸಿನ ಮುಖ್ಯ ಕುರ್ಚಿ ಕಲ್ಲಿನಾಥನದು ಎಂದು ಅವನ ಮೇಲಧಿಕಾರಿ, ಇಂಜಿನಿಯರ್ ಮೈತ್ರಿ ಮೇಡಂ ಮಾತು ಕೊಟ್ಟಿದ್ದರು. ಪುಣ್ಯಾತ್ಮ ಆ ಸುದ್ದಿಯನ್ನು ಅತ್ತೆಯ ಮನೆಗೆ ಆಗಲೇ ಮುಟ್ಟಿಸಿ, ಕಲಬುರಗಿಯಲ್ಲಿ ಬಾಡಿಗೆ ಮನೆಯನ್ನೂ ನೋಡಿಬಂದಿದ್ದ.

ಬೆಳಿಗ್ಗೆ ತೆರೆದು ನೋಡಿದರೆ ಇಡೀ ಕಟ್ಟಡ ಮೆಣಸಿನಕಾಯಿ ರಂಜಕ ಬಳಿದಂತೆ ಕೆಂಪು. ಬಾಯಿಯವರು ನಿನ್ನೆ ಹೊಸದೊಂದು ಬೇಡಿಕೆ ಸೇರಿಸಿದ್ದರು. ಪ್ರತಿ ವಸ್ತುವಿಗೂ ಒಬ್ಬ ಜವಾಬ್ದಾರರ ಹೆಸರು, ಫೋನ್ ನಂಬರು ಬೇಕು. ಆ ಜಾಗ ಎಲ್ಲೆಲ್ಲೂ ಖಾಲಿ ಇತ್ತು.

ಕೆಳಗಿನ ಹೋಟೆಲಿನ ಚಮನಸಾಬ ಚಹಾ ತಂದವನು ಪರದೆಯತ್ತ ಬಗ್ಗಿದ.

"ಇದೇನಪಾ, ಎಲ್ಲಾ ಕೆಂಪ ಆಗ್ಯಾದ?"

"ಹೆಸರು ಬೇಕಂತ, ಕಾಕಾ. ಒಂದೊಂದು ಬಾಗಿಲಿಗೂ ಒಬ್ಬೊಬ್ಬರ ಹೆಸರು."

ಈ ಸೀಮೆಯಲ್ಲಿ ಗುಡಿಯ ಫ್ಯಾನಿನ ರೆಕ್ಕೆಯ ಮೇಲೂ, ದರ್ಗಾದ ನೀರಿನ ಟಾಕಿಯ ಮೇಲೂ ಕೊಟ್ಟವರ ಹೆಸರು ಬರೆದಿರುತ್ತದೆ. ಚಮನಸಾಬನಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ?

"ಹಂಗಾದ್ರ ಅಡಗಿಮನಿಗೆ ನಂದು ಹಾಕು. ನಂಬರೂ ಹಾಕು. ಮಂದಿ ಫೋನ್ ಮಾಡಿ ಹೊಗಳಲಿ."

ಕಲ್ಲಿನಾಥ ಹಾಕಿದ. ಅಡುಗೆಮನೆ ತಟ್ಟನೆ ಹಸಿರಾಯಿತು. ಸಾಫ್ಟ್‌ವೇರಿಗೆ ಬೇಕಾದದ್ದು ಒಂದು ಹೆಸರು, ಅದು ಯಾರದೆಂದು ಅದೇನು ವಿಚಾರಿಸುತ್ತದೆಯೇ? ಅವನ ಎದೆ ಉಬ್ಬಿತು. ಇಂಥ ತಲೆ ಇಡೀ ತಾಲೂಕಿನಲ್ಲಿ ತನ್ನೊಬ್ಬನಿಗೇ ಎಂದು ಖುಷಿಪಟ್ಟ.

ಸುದ್ದಿ ಓಣಿ ತುಂಬ ಹರಡಿತು. ಮಧ್ಯಾಹ್ನದ ಹೊತ್ತಿಗೆ ಆಫೀಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಅಣ್ಣಾರಾಯ ಮುಂದೆ ನುಗ್ಗಿದ.

"ಮುಂಬಾಗಿಲ ನಂದು. ಅದರ ಕೀಲಿ ನನ್ನ ದುಕಾನದಾಗಿಂದ ಹೋಗ್ಯಾದ."

"ಪರದಾ ಹೊಲದು ಕೊಟ್ಟಾಕಿ ನಾ. ಮುಂಬಾಗಿಲ ನಂದು," ಎಂದಳು ದರ್ಜಿ ಸುಲ್ತಾನಬಿ.

ಜಗಳ ಏರಿತು. ಕೊನೆಗೆ ಕಲ್ಲಿನಾಥ ಎಡಗಡೆಯ ಕದವನ್ನು ಅಣ್ಣಾರಾಯನಿಗೂ ಬಲಗಡೆಯದನ್ನು ಸುಲ್ತಾನಬಿಗೂ ಹಂಚಿದ. ಖೋಲಿಗಳು ಹೋದವು, ಕಿಟಕಿಗಳು ಹೋದವು. ಉಳಿದದ್ದು ಸಂಡಾಸಗಳು. ಅವುಗಳ ಮಾತೆತ್ತಿದ ಕೂಡಲೇ ಎಲ್ಲರೂ ಬೇರೆ ಕಡೆ ನೋಡತೊಡಗಿದರು.

"ಸಂಡಾಸಕ್ಕ ನಮ್ಮ ಮನೆತನದ ಹೆಸರ ಹಾಕ್ತೀಯೇನ್ಲೇ?" ಎಂದು ಅಣ್ಣಾರಾಯ ಗುರುಗುಟ್ಟಿದ.

ಹೊತ್ತಾಗುತ್ತಿತ್ತು. ಕಲ್ಲಿನಾಥ ಹಲ್ಲು ಕಚ್ಚಿ ಅವೆಲ್ಲಕ್ಕೂ ತನ್ನ ಹೆಸರನ್ನೇ ತುಂಬಿದ. ಕಟ್ಟಡ ತಳದಿಂದ ಮಾಳಿಗೆಯವರೆಗೆ ಹಸಿರಾಯಿತು. ಓಣಿಯೇ ಗೆದ್ದಂತೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಸುಭದ್ರಾಬಾಯಿ ಮೈತ್ರಿ ಮೇಡಂ ಜೊತೆ ಒಳಗೆ ಬಂದರು. ಹಸಿರು ನೋಡಿ ತಲೆದೂಗಿದರು. ಆಮೇಲೆ ಪರೀಕ್ಷಿಸಲೆಂದು ಪರದೆಯಲ್ಲಿ ಮುಂಬಾಗಿಲ ಮೇಲೆ ಒತ್ತಿ, ಅಲ್ಲಿದ್ದ ನಂಬರಿಗೆ ಫೋನ್ ಹಚ್ಚಿದರು. ಅವರ ಬೆನ್ನ ಹಿಂದೆಯೇ ಅಣ್ಣಾರಾಯನ ಜೇಬು ರಿಂಗಾಯಿತು.

"ಹಲೋ, ಯಾತ್ರಿ ನಿವಾಸದಿಂದ ಮಾತಾಡಾಕತ್ತೇನಿ. ಬಾಗಲ ಬಿಗದಾದ, ಮಂದಿ ಹೊರಗ ನಿಂತಾರ. ಯಾವಾಗ ಬರ್ತೀರಿ?"

"ನಾ ಯಾಕ ಬರಬೇಕ್ರಿ?" ಎಂದ ಅಣ್ಣಾರಾಯ, ಫೋನು ಕಿವಿಗಿಟ್ಟುಕೊಂಡೇ.

"ಜವಾಬ್ದಾರರು ಅಂದ್ರ ಕೆಟ್ಟಾಗ ಬಂದು ರಿಪೇರಿ ಮಾಡ್ಸಾವ್ರು. ನಿಮ್ಮ ಹೆಸರ ಅದ."

"ನಂದ್ ತಗದ್ಬಿಡ್ರಿ. ಕಲ್ಲಿನಾಥಂದು ಹಾಕ್ರಿ, ಹುಡುಗ ಭಾಳ ಶಾಣ್ಯಾ ಇದ್ದಾನ."

"ನಂದೂ ತಗೀರಿ," ಎಂದಳು ಸುಲ್ತಾನಬಿ. ಚಮನಸಾಬ ಆಗಲೇ ಮೆಟ್ಟಿಲ ಹತ್ತಿರ ಇದ್ದ.

ಒಂದೊಂದು ಹೆಸರು ಅಳಿಸಿದಂತೆ ಒಂದೊಂದು ಖೋಲಿ ಕೆಂಪಾಯಿತು. ಕಲಬುರಗಿಯ ಕುರ್ಚಿ ಕಣ್ಣೆದುರೇ ಜಾರುತ್ತಿತ್ತು. ಕಲ್ಲಿನಾಥ ಬೆವರುತ್ತ, ಖಾಲಿಯಾದಲ್ಲೆಲ್ಲ ತನ್ನದೇ ಹೆಸರು ಹೊಡೆಯುತ್ತ ಹೋದ. ಕೊನೆಗೆ ಮತ್ತೆ ಪೂರ್ತಿ ಹಸಿರು.

ಸುಭದ್ರಾಬಾಯಿ ಅವನ ಬೆನ್ನು ತಟ್ಟಿದರು. "ಇಷ್ಟ ಮಂದಿ ಹಿಂದ ಸರದ್ರು, ನೀ ಒಬ್ಬ ನಿಂತಿ. ಮೈತ್ರಿ ಮೇಡಂ, ಈ ಹುಡುಗನ್ನ ನನಗ ಕೊಡ್ರಿ. ಗಾಣಗಾಪುರದಾಗ ರಿಪೇರಿ ನೋಡ್ಕೊಂಡ ಅಲ್ಲೇ ಇರ್ಲಿ."

"ಒಯ್ರಿ, ಅವ್ವಾರ," ಎಂದರು ಮೇಡಂ, ಹೆಮ್ಮೆಯಿಂದ ಕಣ್ಣೊರೆಸಿಕೊಳ್ಳುತ್ತ. "ನಮ್ಮ ಆಫೀಸಿನ ಮರ್ಯಾದಿ ಉಳಿಸ್ಯಾನ. ಕಲಬುರಗಿಗೆ ಬ್ಯಾರೆಯವರನ್ನ ನೋಡ್ತೇನಿ."

ಕಲ್ಲಿನಾಥ ಬಾಯಿಯವರತ್ತ ತಿರುಗಿದ. "ಅಲ್ಲಿ... ಕುರ್ಚಿ ಇರ್ತದೇನ್ರಿ?"

"ಕುರ್ಚಿ ಯಾಕೋ ತಮ್ಮಾ? ಕೂಡಾಕ ಪುರಸತ್ತ ಎಲ್ಲಿರ್ತದ ನಿನಗ?"

ಹಿಂದೆ ಸರಿದಿದ್ದ ಓಣಿಯ ಮಂದಿ ಮತ್ತೆ ಮುಂದೆ ನುಗ್ಗಿದರು. ಅವನ ಕೈ ಹಿಡಿದು ಕುಲುಕಿದರು. ಇಡೀ ಕಟ್ಟಡಕ್ಕೆ ತಮ್ಮ ಹುಡುಗನ ಹೆಸರು ಎಂದು ಅಣ್ಣಾರಾಯ ಬೀದಿಗೆಲ್ಲ ಕೇಳುವಂತೆ ಸಾರಿದ. ಆಮೇಲೆ ಕಲ್ಲಿನಾಥನ ಕಿವಿಯ ಹತ್ತಿರ ಬಂದ.

"ಬರೋ ಹುಣ್ಣಿವಿಗೆ ಮನಿ ಮಂದಿಯೆಲ್ಲಾ ಬರ್ತೇವಿ. ಸಂಡಾಸ ಸ್ವಚ್ಛ ಇಡು. ನಿನ್ನ ಹೆಸರ ಅದ."