ಪಡಲ್‌ಕೂಂಬ್ ಓಣಿಯನ್ನು ಅಗಲ ಮಾಡುವ ವಿಚಾರ

ಇಂದ:
ನೈಜೆಲ್ ಥರ್ಲೋ, ವಯಸ್ಸು ೫೬,
ಕಾರು ಕಲಿಸುವ ಮೇಷ್ಟ್ರು (ಇಪ್ಪತ್ತೆರಡು ವರ್ಷಗಳ ಅನುಭವ),
ಖಾಯಂ ವಿಳಾಸ: ವುಲ್ವರ್‌ಹ್ಯಾಂಪ್ಟನ್.
ಹಾಲಿ ವಾಸ: ಡೆವನ್ ಸೀಮೆಯ ಒಂದು ದನದ ಕೊಟ್ಟಿಗೆ (ಮನೆಯಾಗಿ ಪರಿವರ್ತಿತ).

ಗೆ:
ಮಾನ್ಯ ಅಧಿಕಾರಿಗಳು,
ಹಳ್ಳಿಗಾಡಿನ ಕಿರುರಸ್ತೆಗಳ ವಿಭಾಗ.

ವಿಷಯ: ಪಡಲ್‌ಕೂಂಬ್ ಓಣಿಯ ಅಗಲೀಕರಣದ ಬಗ್ಗೆ ಸಾರ್ವಜನಿಕ ಅಭಿಪ್ರಾಯ ಸಲ್ಲಿಸುವುದು.

ಉಲ್ಲೇಖ: ೧) ಓಣಿಯ ಬಾಯಲ್ಲಿ ತಾವು ಕಂಬಕ್ಕೆ ಹೊಡೆಸಿರುವ ನೋಟೀಸು.
೨) ನಮ್ಮ ತಾಯಿ ಬೆರಿಲ್ ಥರ್ಲೋ ಅವರ ದೂರವಾಣಿ ಆದೇಶ: "ನಂಗೆ ಎಂಬತ್ತು ತುಂಬ್ತಿದೆ. ಇಬ್ರೂ ಬರ್ಬೇಕು. ಒಬ್ಬ ಬಂದು ಒಬ್ಬ ಬರ್ದೇ ಇದ್ರೆ, ಬಂದೋನನ್ನೂ ಆಚೆ ಕಳಿಸ್ತೀನಿ."

ಮಾನ್ಯರೇ,

ಮೇಲ್ಕಂಡ ನೋಟೀಸನ್ನು ನಾನು ನಿಂತು ಓದಿದವನಲ್ಲ. ಅದರ ಕಂಬಕ್ಕೆ ನನ್ನ ಕಾರಿನ ಹಿಂಭಾಗ ತಗುಲಿದಾಗ ಓದಿದವನು. ಆದ್ದರಿಂದ ಈ ವಿಷಯದಲ್ಲಿ ಅಭಿಪ್ರಾಯ ಹೇಳಲು ಅರ್ಹನೆಂದು ಭಾವಿಸಿ ಕೆಳಕಂಡ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

೧. ದನಗಳು ಬಿಟ್ಟುಹೋದ ಕೊಟ್ಟಿಗೆಗೆ ಗಾಜಿನ ಬಾಗಿಲು ಹಾಕಿಸಿ, ಅಲ್ಲಿ ನಾಲ್ಕು ದಿನ ಮಲಗಿ ಬರುವುದನ್ನು ನಮ್ಮ ಜನ ರಜೆ ಎನ್ನುತ್ತಾರೆ. ತಾಯಿಯ ಹುಟ್ಟುಹಬ್ಬಕ್ಕೆ ಅಂಥದ್ದೊಂದನ್ನು ಬಾಡಿಗೆಗೆ ಹಿಡಿಯಲಾಗಿತ್ತು. ಟವೆಲು, ಹೊದಿಕೆ ನಾವೇ ತರಬೇಕೆಂದು ಕೊಟ್ಟಿಗೆಯ ಮಾಲೀಕರು ತಿಳಿಸಿದ್ದ ಕಾರಣ, ನನ್ನ ಹೆಂಡತಿ ಅಲಿಸನ್ ನಾಲ್ಕು ರಜಾಯಿಗಳನ್ನು ಹಿಂದಿನ ಸೀಟಿನಲ್ಲಿ ಸೂರಿನವರೆಗೆ ತುಂಬಿದ್ದಳು. ಪರಿಣಾಮವಾಗಿ, ಹಿಂದಿನ ಗಾಜಿನಲ್ಲಿ ನನಗೆ ರಸ್ತೆಯ ಬದಲು ರಜಾಯಿಯ ಮೇಲಿನ ಗುಲಾಬಿ ಹೂವು ಕಾಣುತ್ತಿತ್ತು. ಮುಂದೆ ಅಲಿಸನ್, ಅವಳ ತೊಡೆಯ ಮೇಲೆ ನಿಂಬೆ ಕೇಕು.

೨. ಸದರಿ ಓಣಿಯಲ್ಲಿ ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಹುಲ್ಲು. ಇಂಥಲ್ಲಿ ಎರಡು ಕಾರು ಎದುರಾದರೆ, ಅಗಲ ಜಾಗ ಯಾರ ಬೆನ್ನಿಗೆ ಹತ್ತಿರವೋ ಅವರು ಹಿಂದೆ ಸರಿಯಬೇಕು. ಈ ನಿಯಮವನ್ನು ನಾನು ಒಂದು ಸಾವಿರಕ್ಕೂ ಹೆಚ್ಚು ಜನರಿಗೆ ಕಲಿಸಿದ್ದೇನೆ. ಎದುರಿನಿಂದ ಕೆಂಪು ಕಾರೊಂದು ಬಂತು. ಅಗಲ ಜಾಗ, ಅಂದರೆ ತಮ್ಮ ನೋಟೀಸಿನ ಕಂಬವಿರುವ ಓಣಿಯ ಬಾಯಿ, ನನ್ನ ಹಿಂದೆ ಇಪ್ಪತ್ತು ಗಜ. ಆ ಕಾರಿನ ಹಿಂದೆ ಕಾಲು ಮೈಲಿ. ಆದ್ದರಿಂದ ಸರಿಯಬೇಕಾದವನು ನಾನೇ. ಸರಿಯುತ್ತಲೂ ಇದ್ದೆ. ಅಷ್ಟರಲ್ಲಿ ಆ ಕಾರಿನಲ್ಲಿದ್ದವನು ನನ್ನ ತಮ್ಮ ರಸೆಲ್ ಎಂದು ತಿಳಿಯಿತು. ಎಂಜಿನ್ ಆರಿಸಿದೆ.

೩. ಮೂರು ವರ್ಷದಿಂದ ನಮ್ಮಿಬ್ಬರಿಗೆ ಮಾತಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ನಾಯಿ ಟಾಫಿ ನನ್ನ ಮನೆಯಲ್ಲಿತ್ತು. ಅದಕ್ಕೆ ಹದಿನಾಲ್ಕು ತುಂಬಿ, ಕಾಲು ಸೋತು, ಇನ್ನು ಸೂಜಿ ಚುಚ್ಚಿ ನೋವಿಲ್ಲದೆ ಕಳಿಸಿಕೊಡುವುದೇ ಸರಿ ಎಂದು ಡಾಕ್ಟರು ಹೇಳಿದರು. ರಸೆಲ್ ಫೋನಿನಲ್ಲಿ, "ನಾಳೆ ಬೆಳಿಗ್ಗೆ ಬಂದ್ಬಿಡ್ತೀನಿ, ಅಲ್ಲೀವರೆಗೆ ಇರ್ಲಿ" ಎಂದ. ಮರುದಿನ ನನಗೆ ಮೂರು ಪಾಠಗಳಿದ್ದವು. ಆದಕಾರಣ ಆ ಸಂಜೆಯೇ ಕೆಲಸ ಮುಗಿಸಿದೆ. ಬೆಳಿಗ್ಗೆ ಅವನು ಬಾಗಿಲಿಗೆ ಬಂದಾಗ, ಅವನ ಕೈಯಲ್ಲಿ ಟಾಫಿಗೆಂದು ತಂದ ಸಾಸೇಜಿನ ಪೊಟ್ಟಣವಿತ್ತು. "ಡಾಕ್ಟ್ರೇ ಕಾಯೋ ಹಾಗಿಲ್ಲ ಅಂದ್ರು" ಎಂದುಬಿಟ್ಟೆ. ಡಾಕ್ಟರು ಹಾಗೆ ಅಂದಿರಲಿಲ್ಲ. ಈ ಸಂಗತಿಯನ್ನು ನಾನು ಯಾರಿಗೂ, ಅಲಿಸನ್‌ಗೂ ಹೇಳಿರಲಿಲ್ಲ, ಮತ್ತು ಆ ಪೊಟ್ಟಣ ನೆನಪಾದಾಗಲೆಲ್ಲ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

೪. ಹೀಗಿರುವಲ್ಲಿ, ರಸೆಲ್ ಕೊಟ್ಟಿಗೆಯ ಕಡೆಯಿಂದ ಬರುತ್ತಿದ್ದನಾದ್ದರಿಂದ, ನಾನು ಬರುವ ಮೊದಲೇ ಅವನು ತಾಯಿಯನ್ನು ಬಿಟ್ಟು ಹೊರಟುಬಿಟ್ಟನೆಂದು ತೀರ್ಮಾನಿಸಿದೆ. ಫ್ಲಾಸ್ಕ್ ತೆಗೆದು ಟೀ ಬಗ್ಗಿಸಿಕೊಂಡೆ. ಅವನೂ ತನ್ನ ಫ್ಲಾಸ್ಕ್ ತೆಗೆದ. ಇಬ್ಬರೂ ಬೇಲಿ ನೋಡುತ್ತಾ ಟೀ ಕುಡಿದೆವು. ಅವಧಿ: ಹನ್ನೊಂದು ನಿಮಿಷ.

"ನೈಜೆಲ್, ಹಿಂದಕ್ಕೆ ತಗೋ" ಎಂದಳು ಅಲಿಸನ್.

"ಹಿಂದೆ ಏನೂ ಕಾಣ್ಸಲ್ಲ ಕಣೇ. ನಿನ್ನ ರಜಾಯಿ."

"ರಜಾಯಿ ಇವತ್ತು ಬಂದಿದ್ದು. ನಿಂಗೆ ಮೂರು ವರ್ಷದಿಂದ ಕಾಣ್ಸಿಲ್ಲ."

೫. ಅಷ್ಟರಲ್ಲಿ ರಸೆಲ್‌ನ ಹಿಂದೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಅದರಿಂದ ಇಳಿದ ರೈತ ಮಹಿಳೆ ನಮ್ಮಿಬ್ಬರ ಕಪ್ಪುಗಳನ್ನೂ ನೋಡಿದರು.

"ಏನ್ರಪ್ಪಾ, ಟೀ ಕುಡಿಯೋಕೆ ನನ್ನ ಓಣೀನೇ ಬೇಕಾಗಿತ್ತಾ? ಅಲ್ಲಿ ಕುರಿ ಕಾಯ್ತಾ ಕೂತಿವೆ." ಆಮೇಲೆ ನನ್ನ ಕಾರಿನ ಬಾಗಿಲ ಮೇಲಿದ್ದ ಬರಹವನ್ನು ಗಟ್ಟಿಯಾಗಿ ಓದಿದರು. "'ಥರ್ಲೋ ಡ್ರೈವಿಂಗ್ ಸ್ಕೂಲ್. ಮುಂದಕ್ಕೂ ಸಲೀಸು, ಹಿಂದಕ್ಕೂ ಸಲೀಸು.' ಓಹೋ! ಬಿಡಿ ಮೇಷ್ಟ್ರೇ, ನೋಡೇಬಿಡೋಣ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಯಾರೋ ನನ್ನನ್ನು ನೋಡಿಯೇ ಕಟ್ಟಿರಬೇಕು. ಮೊದಲ ಐದು ಗಜದಲ್ಲಿ ಎಡಗನ್ನಡಿ ಬೇಲಿಗೆ ಹೋಯಿತು. ಮುಂದಿನ ಮೂರು ಗಜದಲ್ಲಿ ಕೇಕು ಅಲಿಸನ್‌ಳ ಕೋಟಿಗೆ ಹೋಯಿತು. ಆಗ ರಸೆಲ್ ಕಾರಿನಿಂದಿಳಿದು, ಬೇಲಿಗೆ ಮೈ ಉಜ್ಜಿಕೊಂಡು ನನ್ನ ಕಾರಿನ ಹಿಂದೆ ಹೋಗಿ ನಿಂತ. ರಿವರ್ಸಿನಲ್ಲೇ ನಾಲ್ಕು ಸಲ ಲೈಸೆನ್ಸ್ ಪರೀಕ್ಷೆ ಫೇಲಾದವನು ನನಗೆ ಕೈ ಬೀಸಿ ದಾರಿ ತೋರಿಸತೊಡಗಿದ.

"ಬಾ... ಬಾ... ಎಡಕ್ಕೆ ತಿರುಗ್ಸು. ನಿನ್ನ ಎಡ ಕಣೋ!"

೬. ಉಳಿದಿದ್ದ ಬಲಗನ್ನಡಿಯಲ್ಲಿ ಅವನು ಪೂರಾ ಕಾಣುತ್ತಿದ್ದ. ತಲೆ ನರೆತಿತ್ತು. ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲದ ಕಾರಣ ಕನ್ನಡಿ ನೋಡಿಕೊಂಡೇ ಹೇಳಿದೆ.

"ಟಾಫಿನ ಇನ್ನೊಂದಿನ ಇಟ್ಕೋಬಹುದಿತ್ತು. ಡಾಕ್ಟ್ರು ನಾಳೆ ಆದ್ರೂ ಆಗುತ್ತೆ ಅಂದಿದ್ರು. ನಾನೇ ಕಾಯ್ಲಿಲ್ಲ. ತಪ್ಪಾಯ್ತು ರಸೆಲ್."

ಅವನ ಕೈ ಗಾಳಿಯಲ್ಲೇ ನಿಂತಿತು. ನಿಲ್ಲಿಸು ಎಂಬ ಸನ್ನೆಯೆಂದು ತಿಳಿದು ನಾನೂ ನಿಲ್ಲಿಸಿದೆ.

"ಗೊತ್ತು. ಅವತ್ತೇ ಹೋಗಿ ಡಾಕ್ಟ್ರನ್ನ ಕೇಳಿದ್ದೆ."

"ಮತ್ತೆ ಮೂರು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ ಕಣೋ."

ನೀನು ಈಗ ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದೆ.

"ನಿನ್ನ ಹುಡ್ಕೋಕೆ. ಎರಡು ಗಂಟೆ ಲೇಟು ನೀನು. ಎಲ್ಲೋ ಸಿಕ್ಕಾಕ್ಕೊಂಡಿದಾನೆ ಅನ್ನಿಸ್ತು. ಬಾ, ಇನ್ನೂ ಹನ್ನೆರಡು ಗಜ ಇದೆ."

ಕಣ್ಣು ಮಂಜಾಗಿದ್ದರಿಂದ ಆ ಹನ್ನೆರಡು ಗಜವನ್ನು ಸರಿಯಾಗಿ ಕ್ರಮಿಸಲಾಗಲಿಲ್ಲ. ತಮ್ಮ ಕಂಬಕ್ಕೆ ಆಗಿರುವ ಹಾನಿಗೆ ಅದೇ ಕಾರಣ.

ಮೇಲ್ಕಂಡ ಎಲ್ಲವನ್ನೂ ಪರಿಗಣಿಸಿದಲ್ಲಿ, ಓಣಿ ಇನ್ನೆರಡಡಿ ಹೆಚ್ಚು ಅಗಲವಿದ್ದಿದ್ದರೆ ನಾವಿಬ್ಬರೂ ಪರಸ್ಪರ ತಲೆಯಾಡಿಸಿ, ಒಬ್ಬರ ಪಕ್ಕದಲ್ಲೇ ಒಬ್ಬರು ಸಲೀಸಾಗಿ ಹಾದುಹೋಗುತ್ತಿದ್ದೆವು ಎಂಬುದು ತಮಗೆ ಮನವರಿಕೆಯಾಗುವುದು. ಆದ್ದರಿಂದ ಸದರಿ ಓಣಿಯನ್ನು ಯಾವ ಕಾರಣಕ್ಕೂ ಅಗಲ ಮಾಡಬಾರದಾಗಿ ಪ್ರಾರ್ಥನೆ. ಶಾಶ್ವತವಾಗಿ ಸಾಧ್ಯವಿಲ್ಲದಿದ್ದರೆ, ಬರುವ ಆಗಸ್ಟ್ ಮುಗಿಯುವವರೆಗಾದರೂ ಕಾಮಗಾರಿಯನ್ನು ತಡೆಹಿಡಿಯಬೇಕು. ಅಲಿಸನ್ ಮತ್ತು ಅವಳ ಅಕ್ಕ ಮಾತು ಬಿಟ್ಟು ಐದು ವರ್ಷವಾಗಿದ್ದು, ಇಬ್ಬರಿಗೂ ತಿಳಿಯದಂತೆ ಅದೇ ಕೊಟ್ಟಿಗೆಯನ್ನು ಆ ತಿಂಗಳಿಗೆ ಕಾಯ್ದಿರಿಸಲಾಗಿದೆ.

ತಮ್ಮ ವಿಶ್ವಾಸಿ,
ನೈಜೆಲ್ ಥರ್ಲೋ

ಲಗತ್ತುಗಳು:
೧) ಎಡಗನ್ನಡಿ (ಚೂರುಗಳಲ್ಲಿ).
೨) ರಸೆಲ್ ಥರ್ಲೋ ಅವರ ಸಾಕ್ಷಿ ಹೇಳಿಕೆ: "ಅವನು ಬರೆದಿರೋದೆಲ್ಲ ನಿಜ. ಎಡ ಯಾವುದು ಅಂತ ಅವನಿಗೆ ಇನ್ನೂ ಗೊತ್ತಿಲ್ಲ."

ವಿ.ಸೂ.: ತಮ್ಮ ಉತ್ತರವನ್ನು ದಯವಿಟ್ಟು ರಸೆಲ್‌ನ ವಿಳಾಸಕ್ಕೆ ಕಳುಹಿಸಬೇಕು. ಅದನ್ನು ತರುವ ನೆಪದಲ್ಲಿ ನಾನು ಅವನ ಮನೆಗೆ ಹೋಗಬೇಕಾಗಿದೆ.