ಬಳ್ಳಿಗೆ ಕಬ್ಬಿಣ ಉಣಿಸಲು ಹೋಗಿ

ಮಾವನ ಮನೆಯಿಂದ ಬಂದದ್ದು ಯಾವುದೂ ಬಾಡಬಾರದು ಎಂಬುದು ಅಳಿಯಂದಿರ ಲೋಕದ ಮೊದಲ ಕಾನೂನು. ಕೊಟ್ಟ ಪಾತ್ರೆ ಸೊಟ್ಟಾಗಬಾರದು, ಮಂಚ ಕಿರ್ರೆನ್ನಬಾರದು, ಮಗಳ ಮುಖವಂತೂ ಸಪ್ಪಗಾಗಲೇಬಾರದು. ನಾನು ಕಾಗವಾಡದ ಸಮೀಪದ ಶಾಲೆಯೊಂದರಲ್ಲಿ ಕನ್ನಡ ಮಾಸ್ತರ. ವರ್ಣಮಾಲೆ ಬಿಟ್ಟು ಬೇರೆ ಬೆಳೆ ಬೆಳೆದವನಲ್ಲ. ಅಂಥವನನ್ನು, ಹೆಂಡತಿ ಸುಶೀಲಾಳ ಸಮೇತ, ತೊಂಬತ್ತರ ದಶಕದ ಒಂದು ಮುಂಗಾರಿನಲ್ಲಿ ನಮ್ಮ ಮಾವ ತಮ್ಮ ಮನೆಗೆ ಕರೆಸಿ, ಒಂದು ಎಕರೆ ದ್ರಾಕ್ಷಿ ತೋಟ ಒಪ್ಪಿಸಿ, ಅತ್ತೆಯನ್ನು ಕರೆದುಕೊಂಡು ತಾಳ ಬಾರಿಸುತ್ತ ಪಂಢರಪುರದ ಹಾದಿ ಹಿಡಿದರು. “ಮಾಸ್ತರ, ಸಾಲಿ ಮಕ್ಕಳನ ಕಾದಂಗ ಕಾಯ್ರಿ,” ಎಂದರು. ಶಾಲೆಯಲ್ಲಿ ನಾನು ಮಕ್ಕಳನ್ನು ಹೇಗೆ ಕಾಯುತ್ತೇನೆಂಬುದು ಅವರಿಗೆ ಗೊತ್ತಿರಲಿಲ್ಲ, ಪುಣ್ಯ!

ಅವರು ಊರ ಗಡಿ ದಾಟಿದ್ದೇ ತಡ, ತೋಟಕ್ಕೆ ಕಾಮಾಲೆಯಾಯಿತು. ಕುಡಿಯೆಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು. ಮಾವ ವಿಠ್ಠಲನ ಮುಖ ನೋಡಿ ಬಂದು ಈ ಎಲೆಗಳ ಮುಖ ನೋಡಿದರೆ, ನಾನು ಯಾವ ಮುಖ ತೋರಿಸಲಿ? ಕೃಷಿ ಅಧಿಕಾರಿಯೊಬ್ಬರನ್ನು ಕಾಡಿ ಬೇಡಿ ಕರೆತಂದೆ. ಅವರು ಎಲೆ ತಿರುವಿ ನೋಡಿ, “ಕಬ್ಬಿಣ ಕಮ್ಮಿ ಬಿದ್ದೈತ್ರಿ,” ಎಂದರು. ನಾನು ಕೂಡಲೇ ಹಳೆಯ ಕುಡುಗೋಲು, ಲಾಳ, ಮೊಳೆಗಳನ್ನು ಬುಡಕ್ಕೆ ಹೂಳಲು ಹೊರಟೆ. “ಮಾಸ್ತರ, ಮಣ್ಣಾಗ ಕಬ್ಬಿಣ ಬೇಕಾದಷ್ಟೈತಿ. ಸುಣ್ಣದ ಭೂಮಿ, ಬಳ್ಳಿಗೆ ದಕ್ಕವಲ್ದು. ಚಿಲೇಟ್ ಮಾಡಿದ ಕಬ್ಬಿಣ ಹಾಕ್ರಿ. ಏಡಿ ಕೊಂಡ್ಯಾಗ ಹಿಡದಂಗ ಹಿಡಕೊಂಡ ಹೋಗಿ ಬೇರಿಗೆ ಮುಟ್ಟಸತೈತಿ. ಮೊದಲ ಒಂದ ಗಿಡಕ್ಕ ಹಾಕಿ ನೋಡ್ರಿ,” ಎಂದು ಅಧಿಕಾರಿ ತಡೆದರು.

ಈ ಏಡಿಯ ವಿಚಾರ ನನ್ನ ತಲೆಗೆ ಎಷ್ಟು ಹತ್ತಿತೆಂದರೆ, ಚಿಕ್ಕೋಡಿಯಲ್ಲಿ ಡಾಕ್ಟರಾಗಿದ್ದ ಗೆಳೆಯನನ್ನೂ ಬಿಡದೆ ಕೇಳಿದೆ. ಅವನು ನಕ್ಕು, ನಮ್ಮಲ್ಲಿ ಏಡಿ ಉಲ್ಟಾ ಕೆಲಸ ಮಾಡುತ್ತದೆ, ಪದೇ ಪದೇ ರಕ್ತ ಹಾಕಿಸಿಕೊಳ್ಳುವ ರೋಗಿಗಳ ಮೈಯಲ್ಲಿ ಕಬ್ಬಿಣ ಜಾಸ್ತಿಯಾದರೆ ಅದನ್ನು ಹಿಡಿದು ಹೊರಗೆ ಎಳೆದು ತರುವುದಕ್ಕೆ ಇಂಥದೇ ಒಂದು ಔಷಧವಿದೆ ಎಂದ. ಒಳಗೆ ಬಿಡುವುದು, ಹೊರಗೆ ಹಾಕುವುದು, ಎರಡೂ ಒಂದೇ ಜಾತಿಯ ಕೆಲಸ! ನಮ್ಮ ಹೆಡ್‌ಮಾಸ್ತರರ ಕೋಣೆಯ ಜವಾನ ನೆನಪಾದ. ಅಷ್ಟರಲ್ಲಿ ಗೆಳೆಯ, “ನಿನ್ನ ಹೆಂಡತಿಗೆ ಕಬ್ಬಿಣದ ಗುಳಿಗಿ ಕೊಟ್ಟೇನಲ್ಲ, ಚಾದ ಜೋಡಿ ನುಂಗಬ್ಯಾಡ ಅನ್ನು. ಚಾ ಅದನ್ನ ಹಿಡಕೊಂಡ ಕುಂದ್ರತೈತಿ,” ಎಂದ. ಚಹಾ ಬಿಡು ಎಂದು ಸುಶೀಲಾಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಅದು ಬೇರೆ ಮಾತು.

ಸಂಜೆ ಬೆಳೆಗಳ ಔಷಧದ ಅಂಗಡಿಗೆ ಹೋದಾಗ ನನ್ನ ಬಾಯಿಯಲ್ಲಿ ಎಲೆ ಅಡಿಕೆ ತುಂಬಿತ್ತು. ಚಿಲೇಟ್ ಎಂಬ ಶಬ್ದ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಕತ್ತು ಮೇಲೆತ್ತಿ, ರಸ ಚೆಲ್ಲದಂತೆ, “ಕಬ್ಬಿಣದ ಔಷಧ” ಎಂದೆ. ನಾಲಿಗೆ ಮಡಿಸಲು ಜಾಗವೆಲ್ಲಿ? ‘ಣ’ ಹೋಗಿ ‘ನ’ ಆಯಿತು, ‘ದ’ ರಸದಲ್ಲಿ ಮುಳುಗಿತು. ಸುತ್ತಮುತ್ತೆಲ್ಲ ಕಬ್ಬೇ ಕಬ್ಬಿರುವ ನಾಡಿನಲ್ಲಿ ಕೂತ ಅಂಗಡಿಯವನಿಗೆ ‘ಕಬ್ಬಿನ ಔಷಧ’ ಎಂದೇ ಕೇಳಿಸಿತು.

“ಅಗಲ ಎಲಿದ ಐತೇನ್ರಿ?” ಎಂದ.

ದ್ರಾಕ್ಷಿ ಎಲೆ ಅಂಗೈಯಷ್ಟಿರುತ್ತದಲ್ಲ! ಹೌದೆಂದು ಗೋಣು ಹಾಕಿದೆ.

“ಹಂಗಾರ ಚಿಂತಿ ಬಿಡ್ರಿ. ಒಂದ ಎಲಿ ಉಳಿಯಂಗಿಲ್ಲ!”

ಹಳದಿ ಎಲೆ ಒಂದೂ ಉಳಿಯುವುದಿಲ್ಲ ಎಂದು ಅರ್ಥಮಾಡಿಕೊಂಡು, ದೊಡ್ಡ ಚೀಲದಿಂದ ತೂಗಿ ಕಟ್ಟಿಕೊಟ್ಟ ಪುಡಿಯನ್ನು ಪ್ರಸಾದದಂತೆ ತಂದೆ.

ಮೊದಲು ಒಂದು ಗಿಡಕ್ಕೆ ಹಾಕಿ ನೋಡಬೇಕಲ್ಲ, ಯಾವುದಕ್ಕೆ? ಮಾವನ ದ್ರಾಕ್ಷಿ ಮುಟ್ಟುವ ಧೈರ್ಯವಾಗಲಿಲ್ಲ. ಅಂಗಳದಲ್ಲಿ ಸುಶೀಲಾಳ ಮಲ್ಲಿಗೆ ಬಳ್ಳಿಯಿತ್ತು. ಮಾವನ ಸಿಟ್ಟಿಗಿಂತ ಹೆಂಡತಿಯ ಸಿಟ್ಟು ವಾಸಿ ಎಂದು ಅಳೆದು ಸುರಿದು, ಅದಕ್ಕೇ ಪಂಪು ಹೊಡೆದೆ. ಮರುದಿನವೇ ಕುಡಿಗಳು ಸೊಟ್ಟ ಸೊಟ್ಟ ತಿರುಚಿಕೊಂಡವು. ವಾರ ಕಳೆಯುವುದರೊಳಗೆ ಬಳ್ಳಿ ನೆಲಕ್ಕೊರಗಿತು. ಸುಶೀಲಾ ಪುಡಿಯನ್ನು ಮೂಸಿ ನೋಡಿದವಳೇ, “ರೀ, ಇದು ಕಬ್ಬಿನ್ಯಾಗಿನ ಅಗಲ ಎಲಿ ಕಸಾ ಕೊಲ್ಲೂ ಔಷಧ! ದ್ರಾಕ್ಷಿಗೆ ಇದರ ಗಾಳಿ ಸೋಕಿದ್ರ ಸಾಕು, ಇಡೀ ತ್ವಾಟಾನ ಹೋಗತಿತ್ತು!” ಎಂದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಆಮೇಲೆ ಏಕೋ ನಗು ಬಂತು, ತಡೆಯಲಾಗಲಿಲ್ಲ. ಅವಳು ನಗಲಿಲ್ಲ.

ಬಾಯಿ ಮುಕ್ಕಳಿಸಿಕೊಂಡು ಮತ್ತೆ ಅಂಗಡಿಗೆ ಓಡಿದೆ. ‘ಣ’ಕಾರವನ್ನು ನಾಲಿಗೆ ಮಡಿಸಿ ಎಷ್ಟು ಗಟ್ಟಿಯಾಗಿ ಅಂದೆನೆಂದರೆ ಪಕ್ಕದ ಸೈಕಲ್ ಅಂಗಡಿಯವನೂ ಎದ್ದುನಿಂತ. ಈ ಸಲ ಸಿಕ್ಕದ್ದು ಕೆಂಪು ಪುಡಿ. ನೀರಿಗೆ ಹಾಕಿದರೆ ಥೇಟ್ ಓಕುಳಿ. ಕಸದ ಔಷಧ ಹೊಡೆದ ಪಂಪು ಮುಟ್ಟದೆ, ಬಕೆಟ್ಟಿನಲ್ಲಿ ಕಲಸಿ ದ್ರಾಕ್ಷಿಯ ಬುಡಬುಡಕ್ಕೆ ಸುರಿದೆ. ಅಂಗಿ, ಧೋತರ, ಕಿವಿ ಎಲ್ಲ ಕೆಂಪಾದವು. ಆದರೆ ಏಡಿ ಮಾತು ತಪ್ಪಲಿಲ್ಲ. ಬರಬರುತ್ತ ಹೊಸ ಕುಡಿಗಳು ಹಸಿರು ಹಸಿರಾಗಿ ಇಣುಕಿದಾಗ ನಾನು ಸಾಲುಗಳ ನಡುವೆ ಕುಣಿದೇಬಿಟ್ಟೆ.

ಮಾವ ಮರಳಿದ ದಿನ ತೋಟದ ಬಾಗಿಲಲ್ಲೇ ಸ್ವಾಗತಕ್ಕೆ ನಿಂತಿದ್ದೆ. ಅವರು ತೋಟದ ಕಡೆ ಕತ್ತು ಕೂಡ ಹೊರಳಿಸಲಿಲ್ಲ. ನೆಟ್ಟಗೆ ಅಂಗಳಕ್ಕೆ ನಡೆದು, “ಎಲ್ಲಿ ಮಲ್ಲಿಗಿ? ಸುಶೀ ಹುಟ್ಟಿದಾಗ ನನ್ನ ಕೈಯಾರೆ ಹಚ್ಚಿದ್ದು! ಮನ್ಯಾಗಿದ್ದಾಗ ಅದರ ಹೂವು ವಿಠ್ಠಲಗ ಏರಿಸದ ನಾ ಊಟ ಮಾಡಂಗಿಲ್ಲ,” ಎಂದರು.

ಸುಶೀಲಾ ತಣ್ಣಗೆ ಹೇಳಿದಳು: “ಆಡು ಮೇದು ಹಾಳ ಮಾಡ್ತು ಅಪ್ಪಾ.”

“ಆಡ? ನಮ್ಮಲ್ಲಿ ಎಲ್ಲಿ ಆಡ? ಯಾರದದು?”

ಅವಳು ನನ್ನತ್ತ ಒಮ್ಮೆ ನೋಡಿದಳು. “ನಮ್ಮದ ಅಪ್ಪಾ. ನಾಕ ಊರ ತಿರಗಿ, ನೀನ ಆರಿಸಿ ತಂದ ಕಟ್ಟಿದ್ದು.”

ಮಾವ ನನ್ನನ್ನು ಕಾಲಿನಿಂದ ಕೆಂಪು ಕಿವಿಯವರೆಗೂ ದಿಟ್ಟಿಸಿ, ತಲೆಯಾಡಿಸಿ, “ಇರ್ಲಿ ಬಿಡವ್ವಾ, ಹಗ್ಗಾ ಜರಾ ಗಿಡ್ಡ ಮಾಡು,” ಎಂದರು.

ಹಗ್ಗ ಇಂದಿಗೂ ಗಿಡ್ಡವಾಗಿಯೇ ಇದೆ. ಅವಳು ಸಡಿಲ ಬಿಟ್ಟಷ್ಟೇ ಮೇಯುತ್ತೇನೆ.