ಬಾರದ ಹಕ್ಕಿಗೆ ಹನ್ನೆರಡು ಕೋಣೆ

ಅಚ್ಚಾದದ್ದನ್ನೆಲ್ಲ ನಂಬುವುದು ಮೇಷ್ಟ್ರುಗಳಿಗೆ ಅಂಟಿದ ಒಂದು ಕಾಯಿಲೆ. ಬೇರೆಯವರು ಪೇಪರು ಓದಿ ‘ಹಾಗಂತೆ’ ಎನ್ನುತ್ತಾರೆ. ನಾವು ‘ಹಾಗೆ’ ಎಂದೇ ಬಿಡುತ್ತೇವೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದ ನನಗೆ ಈ ಕಾಯಿಲೆ ಉಳಿದವರಿಗಿಂತ ಒಂದು ಹಿಡಿ ಜಾಸ್ತಿಯೇ. ಪಠ್ಯಪುಸ್ತಕದಲ್ಲಿ ಒಂದು ನದಿ ಸಮುದ್ರದಿಂದ ಬೆಟ್ಟಕ್ಕೆ ಹರಿಯುತ್ತದೆ ಎಂದು ಅಚ್ಚಾಗಿದ್ದರೆ ನಾನು ಬೋರ್ಡಿನ ಮೇಲೆ ಅದನ್ನು ಬೆಟ್ಟ ಹತ್ತಿಸಿ, ಪರೀಕ್ಷೆಯಲ್ಲಿ ಎರಡು ಅಂಕವನ್ನೂ ಕೊಡುತ್ತಿದ್ದೆ. ಆದ್ದರಿಂದ ಈಗ ಹೇಳಹೊರಟ ಪ್ರಸಂಗದಲ್ಲಿ ತಪ್ಪು ಪುಸ್ತಕದ್ದೋ, ಹಕ್ಕಿಯದೋ, ನನ್ನದೋ ಎಂಬುದು ಇಷ್ಟು ವರ್ಷವಾದರೂ ನನಗೆ ಸರಿಯಾಗಿ ಬಗೆಹರಿದಿಲ್ಲ. ನನ್ನ ಹೆಂಡತಿ ಗಿರಿಜೆಗೆ ಮಾತ್ರ ಅದು ಮೊದಲ ವಾರದಲ್ಲೇ ಬಗೆಹರಿದಿತ್ತು.

ಕುಂದಾಪುರದಲ್ಲಿ ಹೊಳೆಯ ಬದಿಗೆ ನಮ್ಮ ಮನೆ. ಗಾಳಿ ಧಾರಾಳ, ನೀರು ಧಾರಾಳ, ಸೊಳ್ಳೆ ಅದಕ್ಕಿಂತ ಧಾರಾಳ. ನಮ್ಮ ಕಡೆ ಸೊಳ್ಳೆಗೆ ನುಸಿ ಎನ್ನುತ್ತಾರೆ. ಹೆಸರು ಚಿಕ್ಕದಾದರೂ ಕಚ್ಚುವುದರಲ್ಲಿ ಏನೂ ಕಡಿಮೆ ಇಲ್ಲ. ತೊಂಬತ್ತೇಳರ ಮಳೆಗಾಲ ಒಂದರಲ್ಲೇ ಗಿರಿಜೆಗೆ ಎರಡು ಸಲ ಮಲೇರಿಯಾ ಬಂತು. ಎರಡನೆಯ ಸಲ ಎದ್ದು ಕುಳಿತು ಗಂಜಿ ಕುಡಿಯುತ್ತಾ ಅವಳು ಬಹಳ ಸಮಾಧಾನದಿಂದ ಹೇಳಿದಳು: “ಕಾಣಿ, ಇನ್ನೊಂದ್ ಸಲ ಜ್ವರ ಬಂದ್ರೆ ನಾ ಬ್ರಹ್ಮಾವರಕ್ಕೆ ಅಪ್ಪನ ಮನಿಗ್ ಹೋತೆ. ನೀವ್ ಬೇಕಾರೆ ನುಸಿ ಒಟ್ಟಿಗೆ ಸಂಸಾರ ಮಾಡ್ಕಣಿ.” ಅವಳು ಕೂಗಾಡಿದರೆ ನನಗೆ ಹೆದರಿಕೆ ಇಲ್ಲ. ಸಮಾಧಾನದಿಂದ ಹೇಳಿದ್ದನ್ನು ಅವಳು ಮಾಡಿಯೇ ತೀರುತ್ತಾಳೆ. ಆ ಮಾತು ಕೇಳಿ ನನಗೆ ನಿಜವಾಗಿಯೂ ಭಯವಾಯಿತು. ಹೊಗೆ ಹಾಕಿದೆ, ಬೇವಿನ ಎಣ್ಣೆ ಬಳಿದೆ, ಪರದೆ ಕಟ್ಟಿದೆ. ಪರದೆಯ ಒಳಗೆ ಸಿಕ್ಕಿಬಿದ್ದ ನುಸಿಗಳು ಹೊರಗಿನವಕ್ಕಿಂತ ಗಟ್ಟಿಮುಟ್ಟಾಗಿದ್ದವು.

ಅಷ್ಟರಲ್ಲಿ ನನ್ನ ತಂಗಿಯ ಗಂಡ ರಜೆಯ ಮೇಲೆ ಬಂದರು. ಬೈಂದೂರಿನವರು, ಸರಕು ಹಡಗಿನಲ್ಲಿ ಕೆಲಸ. ಬರುವಾಗ ಒಂದೊಂದು ದೇಶದ ಒಂದೊಂದು ವಸ್ತು ತಂದು ಹಂಚುವುದು ಅವರ ಪದ್ಧತಿ. ಉಳಿದವರಿಗೆ ಸೆಂಟು, ಟಾರ್ಚು, ಚಾಕೊಲೇಟು. ಮೇಷ್ಟ್ರು ಎಂಬ ಕಾರಣಕ್ಕೆ ನನಗೆ ಯಾವಾಗಲೂ ಓದುವಂಥದ್ದು. ಆ ಸಲ ಅಮೆರಿಕದ ಯಾವುದೋ ಬಂದರಿನಿಂದ ಒಂದು ಬಣ್ಣದ ಪುಸ್ತಿಕೆ, ಅದರ ಜೊತೆಗೆ ಒಂದು ಕ್ಯಾಸೆಟ್ಟು ತಂದಿದ್ದರು. ಪುಸ್ತಿಕೆಯ ಮುಖಪುಟದಲ್ಲಿ ನೇರಳೆ ಹಣ್ಣಿನ ಬಣ್ಣದ ಒಂದು ಹಕ್ಕಿ. ಹೆಸರು ಪರ್ಪಲ್ ಮಾರ್ಟಿನ್. ನಿಘಂಟು ಪಕ್ಕಕ್ಕಿಟ್ಟುಕೊಂಡು ಒಂದೇ ಭಾನುವಾರದಲ್ಲಿ ಓದಿ ಮುಗಿಸಿದೆ. ಈ ಹಕ್ಕಿ ಕಾಡಿನಲ್ಲಿ ಇರುವುದಿಲ್ಲವಂತೆ, ಮನುಷ್ಯರ ಹಿತ್ತಲೇ ಬೇಕಂತೆ. ಒಂಟಿಯಾಗಿ ಇರುವುದಿಲ್ಲ, ಕೇರಿಯಾಗಿಯೇ ಬರುತ್ತದೆ. ಎತ್ತರದ ಕಂಬದ ಮೇಲೆ ಹನ್ನೆರಡು ಕೋಣೆಯ ಮನೆ ಕಟ್ಟಿಟ್ಟು, ಬೆಳಗಿನ ಜಾವ ಕ್ಯಾಸೆಟ್ಟಿನಲ್ಲಿರುವ ಅದರದೇ ಹಾಡನ್ನು ಹಾಕಿದರೆ, ತನ್ನವರು ಇಲ್ಲಿ ಇದ್ದಾರೆ ಎಂದುಕೊಂಡು ಬಂದು ಇಳಿಯುತ್ತದೆ. ಇಳಿದ ಮೇಲೆ ಗಾಳಿಯಲ್ಲಿ ಹಾರುವ ಹುಳಗಳನ್ನು, ಮುಖ್ಯವಾಗಿ ಸೊಳ್ಳೆಗಳನ್ನು, ತಿಂದು ಮುಗಿಸುತ್ತದೆ. ಈ ಕೊನೆಯ ವಾಕ್ಯದ ಕೆಳಗೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ.

ಇದು ಎಲ್ಲಿಯ ಹಕ್ಕಿ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆದಿತ್ತು. ‘ಚಳಿಗಾಲವನ್ನು ಬ್ರೆಜಿಲಿನಲ್ಲಿ ಕಳೆದು, ಅನಂತರ ಉತ್ತರಕ್ಕೆ ಬಂದು ಮರಿ ಮಾಡುತ್ತದೆ’ ಎಂದು ಪುಸ್ತಿಕೆಯಲ್ಲಿತ್ತು. ನಾನು ಶಾಲೆಯಿಂದ ಅಟ್ಲಾಸು ತಂದು ಮೇಜಿನ ಮೇಲೆ ಬಿಡಿಸಿ ನೋಡಿದೆ. ಕುಂದಾಪುರ ಬ್ರೆಜಿಲಿನ ಉತ್ತರಕ್ಕೇ ಇತ್ತು. ಸ್ವಲ್ಪ ಪೂರ್ವಕ್ಕೂ ಇತ್ತು, ನಡುವೆ ಒಂದು ಖಂಡವೂ ಎರಡು ಸಮುದ್ರಗಳೂ ಇದ್ದವು. ಆದರೆ ರೆಕ್ಕೆ ಇದ್ದವರಿಗೆ ಅದು ಯಾವ ಲೆಕ್ಕ? ಕುಂದಾಪುರದವರೇ ಹಡಗು ಹತ್ತಿ ಅಲ್ಲಿಗೆ ಹೋಗುವಾಗ ಅಲ್ಲಿಯ ಹಕ್ಕಿ ಇಲ್ಲಿಗೆ ಬಾರದೆ ಇರುವುದುಂಟೇ? ಗಿರಿಜೆಗೆ ಅಟ್ಲಾಸು ತೋರಿಸಿ ವಿವರಿಸಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. “ಅದ್ ಬಪ್ಪುದ್ ಹೌದಾ?” ಎಂದಳು. “ಬಂದೇ ಬರುತ್ತದೆ. ಪುಸ್ತಕದಲ್ಲಿ ಇದೆ” ಎಂದೆ. “ಹಂಗಾರೆ ಕಾಂಬ” ಎಂದು ಅವಳು ಬ್ರಹ್ಮಾವರದ ವಿಚಾರವನ್ನು ಆ ವರ್ಷದ ಮಟ್ಟಿಗೆ ಮುಂದೂಡಿದಳು.

ಮನೆ ಮಾಡಿಕೊಡಲು ಹಾಲಾಡಿ ಕಡೆಯ ಶೀನ ಆಚಾರ್ರನ್ನು ಕರೆಸಿದೆ. ಮರದ ಕೆಲಸದಲ್ಲಿ ಅವರದು ಎತ್ತಿದ ಕೈ, ವಾಸ್ತುವಿನ ನಂಬಿಕೆ ಅದಕ್ಕಿಂತ ಎತ್ತರ. ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, “ಬಾಗ್ಲ್ ಮೂಡುಕಾ, ಪಡುಕಾ ಮಾಷ್ಟ್ರೆ?” ಎಂದರು. ನಾಲ್ಕೂ ದಿಕ್ಕಿಗೆ ಮೂರು ಮೂರು ಎಂದೆ. ಅವರು ಉಳಿಯನ್ನು ಕೆಳಗಿಟ್ಟರು. “ತೆಂಕ್ ಬಾಗ್ಲ್ ಮಾತ್ರ ನಾ ಇಡುದಿಲ್ಲೆ. ಹಕ್ಕಿ ಆದ್ರೆಂತ, ಸಂಸಾರ ಮಾಡುದಲ್ದಾ? ನಾಳೆ ಎಂತಾರೂ ಆದ್ರೆ ಹೆಸ್ರ್ ಬಪ್ಪುದ್ ನಂಗೆ.” ಕೊನೆಗೆ ಆಯ ನೋಡಿ, ಆರು ಬಾಗಿಲು ಪೂರ್ವಕ್ಕೆ, ಆರು ಪಶ್ಚಿಮಕ್ಕೆ ಇಟ್ಟು, ಹೆಬ್ಬಲಸಿನ ಹಲಗೆಯಲ್ಲಿ ಎರಡಂತಸ್ತಿನ ಮನೆ ಮಾಡಿದರು. ಕೇಬಲ್ಲು ಬಂದ ಮೇಲೆ ಕೆಲಸ ಕಳೆದುಕೊಂಡು ನಿಂತಿದ್ದ ನಮ್ಮ ಆಂಟೆನಾದ ಕಂಬಕ್ಕೆ ಅದನ್ನು ಏರಿಸಿದೆವು. ಹೊರಡುವಾಗ ಆಚಾರ್ರು, “ಅಲ್ಲ, ಇದ್ ಯಾರಿಗಂದ್ರಿ?” ಎಂದು ಕೇಳಿದರು. ಬಸ್ಸಿಗೆ ಹೊತ್ತಾಗುತ್ತಿತ್ತು, ವಿವರಿಸಲು ಸಮಯವಿರಲಿಲ್ಲ. “ಮಾರ್ಟಿನ್‌ಗೆ” ಎಂದೆ. ಅವರು ತಲೆಯಾಡಿಸಿಕೊಂಡು ಹೋದರು.

ಅದರ ಪರಿಣಾಮ ವಾರದೊಳಗೆ ಕಾಣಿಸಿತು. ಶಾಸ್ತ್ರಿ ಸರ್ಕಲ್ಲಿನಲ್ಲಿ ಸಿಕ್ಕಿದವರೆಲ್ಲ, “ಹ್ವಾಯ್ ಮಾಷ್ಟ್ರೆ, ಮಾರ್ಟಿನ್ ಬಂದ್ರಾ?” ಎಂದು ಕೇಳತೊಡಗಿದರು. ವಿಷಯ ಇಷ್ಟು ಬೇಗ ಊರಿಗೆ ಹಬ್ಬಿತಲ್ಲ, ಜನರಿಗೆ ಪಕ್ಷಿಗಳಲ್ಲಿ ಎಷ್ಟು ಆಸಕ್ತಿ ಎಂದು ನನಗೆ ಹೆಮ್ಮೆಯಾಯಿತು. “ಇಲ್ಲ, ಸದ್ಯ ಬ್ರೆಜಿಲಿನಲ್ಲಿದ್ದಾರೆ” ಎಂದು ನಾನೂ ಉತ್ತರಿಸುತ್ತಿದ್ದೆ. ಒಂದು ಶನಿವಾರ ಮಧ್ಯಾಹ್ನ ಗೇಟಿನ ಹತ್ತಿರ ಒಬ್ಬರು ಗಂಡ ಹೆಂಡತಿ ನಿಂತಿದ್ದರು. ಗಂಡಸು ಬೋಟಿನ ಇಂಜಿನು ರಿಪೇರಿ ಮಾಡುವವರು, ಬಾಡಿಗೆ ಮನೆ ಹುಡುಕುತ್ತಿದ್ದರು. “ಮಾಷ್ಟ್ರೆ, ನೀವ್ ಹನ್ನೆರಡ್ ಕೋಣಿ ಕಟ್ಸಿದ್ರಿ ಅಂದ್ರ್. ಮಾರ್ಟಿನ್‌ಗೇ ಕೊಡ್ತ್ರಿ ಅಂದ್ರ್. ನಾನೇ ಮಾರ್ಟಿನ್. ನಂಗ್ ಎರಡ್ ಕೋಣಿ ಸಾಕ್” ಎಂದರು. ನಾನು ಮೇಲಕ್ಕೆ ಬೆರಳು ತೋರಿಸಿದೆ. ಅವರು ಟೋಪಿ ತೆಗೆದು ಬಹಳ ಹೊತ್ತು ಕಂಬದ ತುದಿಯನ್ನು ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, “ಗಾಳಿ ಬೆಳ್ಕ್ ಲಾಯ್ಕ್ ಇತ್ತ್” ಎಂದರು. ಗಿರಿಜೆ ಒಳಗೆ ಕರೆದು ಕಾಫಿ ಕೊಟ್ಟಳು. ಒಟ್ಟಿನಲ್ಲಿ ನಮ್ಮ ಮನೆಗೆ ಬಂದ ಮಾರ್ಟಿನ್ ಎಂದರೆ ಅವರೊಬ್ಬರೇ.

ಬೆಳಗಿನ ಜಾವ ಕ್ಯಾಸೆಟ್ಟು ಹಾಕುವ ವ್ರತವನ್ನು ನಾನು ಬಿಡಲಿಲ್ಲ. ಆ ಹಾಡೋ, ಗುಳುಗುಳು ಎನ್ನುತ್ತದೆ, ಕಿರ್ರೆನ್ನುತ್ತದೆ, ಮತ್ತೆ ಗುಳುಗುಳು. ಪಕ್ಕದ ಮನೆಯವರು ಎರಡು ದಿನ ತಡೆದುಕೊಂಡು ಮೂರನೆಯ ದಿನ ಒಂದು ಪೆನ್ಸಿಲ್ಲು ಹಿಡಿದು ಬಂದರು. ಟೇಪು ಸಿಕ್ಕಿಹಾಕಿಕೊಂಡಿದೆ, ಸುತ್ತಿಕೊಡೋಣ ಎಂದು ಪಾಪ, ಸಹಾಯಕ್ಕೇ ಬಂದಿದ್ದರು. ಮಾರ್ಟಿನ್‌ಗಳು ಬರಲಿಲ್ಲ. ಬಂದದ್ದು ಗುಬ್ಬಿ.

ಮನೆ ಏರಿಸಿ ನಾಲ್ಕೇ ದಿನಕ್ಕೆ ಒಂದು ಜೋಡಿ ಗುಬ್ಬಿ ಪೂರ್ವದ ಬಾಗಿಲಲ್ಲಿ ಹುಲ್ಲು ಕಚ್ಚಿಕೊಂಡು ಹಾಜರಾಯಿತು. ಮರುದಿನ ಇನ್ನೊಂದು ಜೋಡಿ. ಪುಸ್ತಿಕೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿತ್ತು: ಗುಬ್ಬಿಯೇ ಮಾರ್ಟಿನ್‌ನ ಮೊದಲ ವೈರಿ, ಒಂದು ಕೋಣೆ ಹಿಡಿದರೆ ಮಾರ್ಟಿನ್ ಆ ಕಡೆ ತಲೆ ಹಾಕುವುದಿಲ್ಲ, ಆದ್ದರಿಂದ ದಿನವೂ ಗೂಡನ್ನು ಕಿತ್ತುಹಾಕಬೇಕು, ಕರುಣೆ ತೋರಬಾರದು. ನಾನು ಕರುಣೆ ತೋರಲಿಲ್ಲ. ತೆಂಗಿನಕಾಯಿ ಕೊಯ್ಯುವ ದೋಟಿಯ ತುದಿಗೆ ತಂತಿ ಕಟ್ಟಿಕೊಂಡು ದಿನಾ ಬೆಳಿಗ್ಗೆ ಏಣಿ ಹತ್ತಿ ಹನ್ನೆರಡು ಕೋಣೆಗಳನ್ನೂ ಖಾಲಿ ಮಾಡುತ್ತಿದ್ದೆ. ಕೆಳಗೆ ಗಿರಿಜೆ ಅದೇ ಗುಬ್ಬಿಗಳಿಗೆ ನುಚ್ಚು ಹಾಕುತ್ತಿದ್ದಳು. ನಾನು ಶಾಲೆಗೆ ಹೋದ ಮೇಲೆ ಇಡೀ ದಿನ ಆ ಮನೆಯಲ್ಲಿ ಅವಳೊಡನೆ ಮಾತಾಡಲು ಇದ್ದವು ಅವೇ. ಒಂದೊಂದಕ್ಕೂ ಹೆಸರಿಟ್ಟಿದ್ದಳು. ಒಂದು ಬೆಳಿಗ್ಗೆ ದೋಟಿಗೆ ಹುಲ್ಲಿನ ಜೊತೆ ಎರಡು ಮೊಟ್ಟೆ ಬಂದು ಅಂಗಳಕ್ಕೆ ಬಿದ್ದವು. ಅವಳು ಮೊರವನ್ನು ಹಾಗೆಯೇ ಕೆಳಗಿಟ್ಟು ನನ್ನನ್ನು ನೋಡಿದಳು. “ಬಂದವ್ರನ್ನ್ ಓಡ್ಸಿ, ಬಾರದವ್ರಿಗ್ ಕಾಯ್ತ್ರಿಯಲೆ” ಎಂದಳು. ನಿನ್ನ ಆರೋಗ್ಯಕ್ಕಾಗಿಯೇ ಅಲ್ಲವೇ ಇದೆಲ್ಲ ಎಂದು ನಾನು ಏಣಿಯ ಮೇಲಿನಿಂದ ಭಾಷಣ ಮಾಡಿದೆ. ಆದರೆ ಆ ದಿನ ತಿಂಡಿ ಸೇರಲಿಲ್ಲ. ಮರುದಿನ ಮತ್ತೆ ಏಣಿ ಹತ್ತಿದೆ. ಪುಸ್ತಕದಲ್ಲಿ ‘ದಿನವೂ’ ಎಂದೇ ಇತ್ತು.

ಹೀಗೆ ಎರಡು ವರ್ಷ ನಡೆಯಿತು. ಮುಂದಿನ ರಜೆಗೆ ಬಂದ ಬಾವ ಅಂಗಳದಲ್ಲಿ ನಿಂತು ಕಂಬವನ್ನು ಕಂಡು, ವಿಷಯವನ್ನೆಲ್ಲ ಕೇಳಿ, ಅಲ್ಲೇ ಜಗಲಿಯ ಚಿಟ್ಟೆಯ ಮೇಲೆ ಕುಳಿತುಬಿಟ್ಟರು. “ಅಯ್ಯೋ ಮಾರಾಯ್ರೆ, ಅದ್ ಅಮೆರಿಕ ಬಿಟ್ಟ್ ಬಪ್ಪು ಹಕ್ಕಿ ಅಲ್ಲ! ಪಟ ಲಾಯ್ಕ್ ಇತ್ತಲೆ, ಮಾಷ್ಟ್ರಿಗ್ ಕಾಂಬುಕೆ ಆತ್ತ್ ಅಂದ್ಹೇಳಿ ನಾ ತಂದದ್ದ್” ಎಂದರು. ನುಸಿಯ ಕಥೆ ಏನಾಯಿತು ಎಂದರೆ, ಅಷ್ಟರಲ್ಲಿ ಆರೋಗ್ಯ ಇಲಾಖೆಯವರು ಬಂದು ಬಾವಿಗೆ ನುಸಿಯ ಮರಿ ತಿನ್ನುವ ಸಣ್ಣ ಮೀನು ಬಿಟ್ಟು, ಹಿತ್ತಲಿನಲ್ಲಿ ನಿಂತ ನೀರನ್ನು ಚೆಲ್ಲಿಸಿ ಹೋಗಿದ್ದರು. ಜ್ವರ ಮತ್ತೆ ಬರಲಿಲ್ಲ, ಗಿರಿಜೆ ಬ್ರಹ್ಮಾವರಕ್ಕೆ ಹೋಗಲಿಲ್ಲ. ನಾನು ದೋಟಿಯನ್ನು ತೆಂಗಿನಕಾಯಿಗೆ ಹಿಂತಿರುಗಿಸಿ, ‘ಇನ್ನು ಗುಬ್ಬಿಗಳೇ ಇರಲಿ’ ಎಂದು ದೊಡ್ಡ ಮನಸ್ಸು ಮಾಡಿದೆ. ನಾನು ದೊಡ್ಡ ಮನಸ್ಸು ಮಾಡಿದ ಸುದ್ದಿ ಅವಕ್ಕೆ ತಲುಪಲಿಲ್ಲ. ಒಂದೂ ಆ ಮನೆಯ ಕಡೆ ಸುಳಿಯಲಿಲ್ಲ.

ಅಂಗಳಕ್ಕೆ ಬರುವುದೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ನಾವು ಅದನ್ನು ಗಮನಿಸಿದ್ದು ಒಂದು ಹೊಸ್ತಿನ ಹಬ್ಬದ ದಿನ. ಹೊಸ ಭತ್ತದ ಕದಿರನ್ನು ಬಾಗಿಲಿಗೆ ಕಟ್ಟುವುದಕ್ಕೆಂದು ಹಳೆಯದನ್ನು ಬಿಚ್ಚುತ್ತಿದ್ದ ಗಿರಿಜೆ ಅದನ್ನು ಕೈಯಲ್ಲಿ ಹಿಡಿದೇ ನಿಂತಳು. ಮೊದಲೆಲ್ಲ ತಿಂಗಳೊಳಗೆ ಗುಬ್ಬಿಗಳು ಕದಿರನ್ನು ಬರೀ ಹುಲ್ಲು ಮಾಡಿಬಿಡುತ್ತಿದ್ದವು. ಈಗ ವರ್ಷ ಕಳೆದರೂ ಒಂದು ಕಾಳು ಉದುರಿರಲಿಲ್ಲ. “ಒಂದೂ ತಿನ್ಲಿಲ್ಲೆ ಕಾಣಿ” ಎಂದಳು, ಅಷ್ಟೇ. ನನಗೆ ಅವಳ ಮುಖ ನೋಡಲಾಗಲಿಲ್ಲ. ಗುಬ್ಬಿ ಹೋದದ್ದು ಹೆಂಚಿನ ಮನೆಗಳು ಹೋಗಿ ತಾರಸಿ ಬಂದದ್ದರಿಂದ ಎಂದು ಕೆಲವರು ಹೇಳುತ್ತಾರೆ, ಮೊಬೈಲು ಟವರಿನಿಂದ ಎಂದು ಕೆಲವರು ಹೇಳುತ್ತಾರೆ. ಟವರಿನಿಂದ ಎನ್ನುವವರನ್ನು ಕಂಡರೆ ನನಗೆ ಬಹಳ ಪ್ರೀತಿ. ಕರೆದು ಕೂರಿಸಿ ಕಾಫಿ ಕೊಡುತ್ತೇನೆ.

ನಾನು ನಿವೃತ್ತನಾಗಿ ಕೆಲವು ವರ್ಷವಾದ ಮೇಲೆ ಸಾಲಿಗ್ರಾಮದಿಂದ ಒಂದು ಸಂಘದವರು ಮನೆಗೆ ಬಂದರು. ಗುಬ್ಬಿ ಉಳಿಸುವ ಕಾರ್ಯಕ್ರಮವಂತೆ. ಇಡೀ ತಾಲೂಕಿನಲ್ಲಿ ಯಾರಿಗೂ ತೋಚದಿದ್ದ ಕಾಲದಲ್ಲೇ ಗುಬ್ಬಿಗೆ ಹನ್ನೆರಡು ಕೋಣೆಯ ಮನೆ ಕಟ್ಟಿಸಿದವರು ನಾನಂತೆ. ನನಗೆ ಸನ್ಮಾನವಂತೆ. ಇಲ್ಲ, ಅದು ಹಾಗಲ್ಲ ಎಂದು ನಾನು ಶುರುಮಾಡಿದೆ. “ಇದೇ, ಈ ವಿನಯವೇ ಅಪರೂಪ” ಎಂದು ಅವರು ತಾರೀಕು ಹೇಳಿ ಎದ್ದರು. ಗಿರಿಜೆಯನ್ನೂ ಕರೆತರಬೇಕು ಎಂದರು. ಅಂತೂ ಒಂದು ಸಂಜೆ ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ವೇದಿಕೆಯ ಮೇಲೆ ಕುಳಿತೆ. ಸನ್ಮಾನ ಪತ್ರದಲ್ಲಿ ‘ಗುಬ್ಬಿಗಳ ಬಂಧು’ ಎಂದು ಅಚ್ಚಾಗಿತ್ತು. ಅಚ್ಚಾದದ್ದನ್ನು ನಂಬದೆ ಇದ್ದದ್ದು ಜನ್ಮದಲ್ಲಿ ಅದೊಂದೇ ಸಲ.

ನಾನು ಏನು ಮಾತಾಡಿದೆನೋ ನನಗೆ ನೆನಪಿಲ್ಲ. ಆಮೇಲೆ ನಿರೂಪಕರು, ಮಾಷ್ಟ್ರ ಮನೆಯವರೂ ಎರಡು ಮಾತು ಹೇಳಬೇಕು ಎಂದು ಮೈಕನ್ನು ಗಿರಿಜೆಯ ಕೈಗೆ ಕೊಟ್ಟುಬಿಟ್ಟರು. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತು, ಬಹಳ ಸಮಾಧಾನದಿಂದ ಹೇಳಿದಳು: “ನಂಗ್ ಭಾಷಣ ಮಾಡುಕ್ ಗೊತ್ತಿಲ್ಲೆ. ಇವ್ರ್ ಎರಡ್ ವರ್ಷ, ದಿನಾ ಬೆಳಿಗ್ಗೆ ಮುಖ ತೊಳುಕೂ ಮುಂಚೆ ಏಣಿ ಹತ್ತಿ ಗುಬ್ಬಿ ಗೂಡಿನ ಹತ್ರ ಹೋತಿದ್ರ್. ಮಳಿ ಇರ್ಲಿ, ಬಿಸ್ಲ್ ಇರ್ಲಿ, ಒಂದ್ ದಿನ ತಪ್ಸಿದವ್ರಲ್ಲ. ಆ ಗುಬ್ಬಿಗಳ್ ಎಲ್ಲಿದ್ರೂ ಇವ್ರನ್ನ್ ಮರೆಯುದಿಲ್ಲೆ.”

ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವಳ ಮಾತಿನಲ್ಲಿ ಸುಳ್ಳು ಎಂಬುದು ಒಂದಕ್ಷರವೂ ಇರಲಿಲ್ಲ. ಎಲ್ಲಿ ನೋಡಬೇಕು, ಏನು ಮಾಡಬೇಕು ಎಂದು ತಿಳಿಯದೆ ನಾನೂ ತಟ್ಟಿದೆ.